ದೆವ್ವದ ಪೆಟ್ಟಿಗೆಯ ಮೇಲಿನ ಡಬ್ಬಿ

"ನಿನ್ನಿ ಬುತ್ತಿ ಡಬ್ಬಿ ಎಲ್ಲಿಟ್ಟಿಯೋ? ತೊಳಿಯಾಕ ಹಾಕಿಲ್ಲಲ್ಲ" ಎಂದು ತಾಯಿ ಕೇಳಿದಾಗ ಹಾಲಸಿದ್ದಪ್ಪನ ಬಾಯಲ್ಲಿ ಮಂಡಕ್ಕಿ ಒಗ್ಗಾಣಿಯ ತುತ್ತಿತ್ತು. ಡಬ್ಬಿ ಎಲ್ಲಿದೆಯೆಂಬುದು ನೆನಪಾಗುತ್ತಲೇ ತುತ್ತು ಗಂಟಲಿಗೆ ಅಡ್ಡ ನಿಂತಿತು. ಮಿರ್ಚಿಯ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು.

"ಕಾರ್ಖಾನ್ಯಾಗ ಮರತೆ" ಎಂದು ಕೆಮ್ಮುತ್ತಲೇ ಹೇಳಿದ.

"ಸಾವಕಾಶ ತಿನ್ನು. ರಜಾ ಹಾಕಿದಿ, ಇವತ್ತರ ನೆಟ್ಟಗ ಇರಪ್ಪಾ. ಯಾರು ಯಾವಾಗ ಬರತಾರೋ ಗೊತ್ತಿಲ್ಲ" ಎಂದು ಚನ್ನವೀರಮ್ಮ ಮಗನ ಬೆನ್ನು ತಟ್ಟಿದಳು.

ಬರುವವರು ಸಿರುಗುಪ್ಪದವರು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹುಡುಗನ ವಿಚಾರಣೆ ನಡೆಯುತ್ತದೆ. ಪೊಲೀಸರ ವಿಚಾರಣೆಯೇ ಇದಕ್ಕಿಂತ ವಾಸಿ, ಅವರು ತಾವು ಪೊಲೀಸರೆಂದು ಹೇಳಿಕೊಂಡಾದರೂ ಬರುತ್ತಾರೆ. ಹೆಣ್ಣಿನ ಕಡೆಯ ಹಿರಿಯ ಯಾರಿಗೂ ಹೇಳದೆ ಓಣಿಗೆ ಬರುತ್ತಾನೆ. ಚಹಾದಂಗಡಿಯಲ್ಲಿ ಕೂರುತ್ತಾನೆ, ಕ್ಷೌರಕ್ಕೆಂದು ಗಲ್ಲ ಒಡ್ಡುತ್ತಾನೆ, ಬೀಡಿಗೆ ಬೆಂಕಿ ಕೇಳುತ್ತಾನೆ. ಸಂಜೆ ಬಸ್ಸು ಹತ್ತುವಷ್ಟರಲ್ಲಿ ಹುಡುಗ ಹುಟ್ಟಿದಾಗಿನಿಂದ ಮಾಡಿದ್ದೆಲ್ಲ ಅವನ ಕಿವಿಗೆ ಬಿದ್ದಿರುತ್ತದೆ.

ಹಾಲಸಿದ್ದಪ್ಪನಿಗೆ ಈ ವಿಚಾರಣೆ ಹೊಸದಲ್ಲ. ಇಪ್ಪತ್ತೊಂಬತ್ತು ವಯಸ್ಸು, ಕೌಲ್ ಬಜಾರಿನ ಪ್ಯಾಂಟು ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರ ಕೆಲಸ, ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೂ ಎರಡು ಸಂಬಂಧ ವಿಚಾರಣೆಯಲ್ಲೇ ಮುರಿದಿದ್ದವು. ಎರಡು ಸಲವೂ ಓಣಿಯ ಯಾರೋ ಪುಣ್ಯಾತ್ಮರು ಒಂದೇ ಮಾತು ಹೇಳಿದ್ದರು: "ಹುಡುಗ ಬಂಗಾರದಂಥಾವ. ಆದ್ರ ಎರ್ರಣ್ಣನ ಅಂಗಡ್ಯಾಗ ಪೆಟಗಿ ಮುಂದ ನಿಂತ್ರ ಮೈಮ್ಯಾಲೆ ದೇವ್ರು ಬಂದಂಗ ಕುಣೀತಾನ್ರಿ."

ಮಾತು ಸುಳ್ಳಲ್ಲ. ಮೊದಲು ಸೈಕಲ್ ರಿಪೇರಿ ಮಾಡುತ್ತಿದ್ದ ಎರ್ರಣ್ಣ ಎಂಬತ್ತೇಳನೆಯ ಇಸವಿಯ ಯುಗಾದಿಗೆ ಪಂಪು, ಟ್ಯೂಬು ಎಲ್ಲ ಹಿತ್ತಲಿಗೆ ಎಸೆದು, ಮದರಾಸಿನಿಂದ ವಿಡಿಯೋ ಆಟದ ಪೆಟ್ಟಿಗೆಗಳನ್ನು ತಂದು ನಿಲ್ಲಿಸಿದ್ದ. ಒಂದರಲ್ಲಿ ಹೊಡೆದಾಟ, ಒಂದರಲ್ಲಿ ಗುಂಡು ಹಾರಿಸುವ ವಿಮಾನ, ಇನ್ನೊಂದರಲ್ಲಿ ದೆವ್ವ. ಬಿಲ್ಲೆ ಹಾಕಿದರೆ ಆಟ ಶುರು. ಅಂದಿನಿಂದ ಕಾರ್ಖಾನೆ ಬಿಟ್ಟ ಕೂಡಲೇ ಹಾಲಸಿದ್ದಪ್ಪನ ಕಾಲುಗಳು ಮನೆಯ ದಾರಿ ಮರೆತುಬಿಟ್ಟಿದ್ದವು.

ವಿಚಿತ್ರವೆಂದರೆ ಅವನಿಗೆ ಆಟ ಬರುತ್ತಿರಲಿಲ್ಲ. ಹತ್ತು ಪದರ ಬಟ್ಟೆಯನ್ನು ಕೂದಲೆಳೆ ತಪ್ಪದೆ ಕತ್ತರಿಸುವ ಕೈ, ಪೆಟ್ಟಿಗೆಯ ಹಿಡಿಕೆ ಮುಟ್ಟಿದರೆ ಗಡಗಡ ನಡುಗುತ್ತಿತ್ತು. ಬಿಲ್ಲೆ ಒಳಗೆ ಬಿದ್ದ ಸದ್ದು ಅಡಗುವುದರೊಳಗೆ ಅವನು ಸತ್ತಿರುತ್ತಿದ್ದ. ಅವನಿಗೆ ಬರುತ್ತಿದ್ದುದು ಅಭಿಪ್ರಾಯ. ಯಾವ ಆಟ ಯಾಕೆ ಚೆನ್ನ, ಯಾವುದು ಯಾಕೆ ದಂಡ, ದೆವ್ವ ಎಲ್ಲಿಂದ ಬರಬೇಕಿತ್ತು, ಕಳ್ಳ ಹೇಗೆ ಬೀಳಬೇಕಿತ್ತು, ಇದನ್ನೆಲ್ಲ ಅವನು ಬೇರೆಯವರ ಬೆನ್ನ ಹಿಂದೆ ನಿಂತು, ಪುರಾಣ ಹೇಳುವ ಶಾಸ್ತ್ರಿಗಳ ಗತ್ತಿನಲ್ಲಿ ಹೇಳುತ್ತಿದ್ದ. ಹೇಳದಿದ್ದರೆ ಅವನಿಗೆ ರಾತ್ರಿ ಊಟ ಸೇರುತ್ತಿರಲಿಲ್ಲ.

ಆದರೆ ಈ ಸಲ ಅವನು ವಿಭೂತಿ ಮುಟ್ಟಿ ಆಣೆ ಮಾಡಿದ್ದ. ಕಾರಣ ವಿಶಾಲಾಕ್ಷಿ. ಕುರುಗೋಡಿನಲ್ಲಿ ಸಂಬಂಧಿಕರ ಮದುವೆಯ ಪಂಕ್ತಿಯಲ್ಲಿ ಅವಳು ಗೋಧಿ ಹುಗ್ಗಿ ಬಡಿಸಿಕೊಂಡು ಬರುತ್ತಿದ್ದಳು. ಇವನು ಅವಳ ಮುಖ ನೋಡುತ್ತ ಎಲೆಯನ್ನು ನೋಡದೆ ಹುಗ್ಗಿಯನ್ನು ಅಂಗಿಯ ಮೇಲೆ ಸುರಿದುಕೊಂಡ. "ಅಂಗಿಗೂ ಉಣಿಸಬೇಕೇನ್ರಿ?" ಎಂದು ನಕ್ಕು ಅವಳು ನೀರಿನ ತಂಬಿಗೆ ಸರಿಸಿದಳು. ಅಷ್ಟೇ ಮಾತು. ಆ ಅಂಗಿಯನ್ನು ಅವನು ಇವತ್ತಿಗೂ ಒಗೆಯಲು ಹಾಕಿಲ್ಲ. ಅವಳು ಸಿಗದಿದ್ದರೆ ಮುಂದೆ ಯಾರನ್ನೂ ನೋಡುವುದಿಲ್ಲವೆಂದು ಮನಸ್ಸಿನಲ್ಲೇ ನಿರ್ಧರಿಸಿಬಿಟ್ಟಿದ್ದ.

ಅಂಥ ದಿನವೇ ಡಬ್ಬಿ ಎರ್ರಣ್ಣನ ಅಂಗಡಿಯಲ್ಲಿ, ದೆವ್ವದ ಪೆಟ್ಟಿಗೆಯ ನೆತ್ತಿಯ ಮೇಲೆ ಕೂತಿತ್ತು. ಕೊನೆಯ ಸಲವೆಂದು ನಿನ್ನೆ ಹೋಗಿ, ಅಲ್ಲಿ ಇಟ್ಟು ಮರೆತು ಬಂದಿದ್ದ. ಬರೀ ಡಬ್ಬಿಯಾಗಿದ್ದರೆ ಚಿಂತೆಯಿರಲಿಲ್ಲ. ಸ್ಟೀಲಿನ ಸಾಮಾನು ಕೊಂಡರೆ ಹೆಸರು ಕೊರೆಸದ ಹೆಂಗಸು ನಮ್ಮ ಊರಲ್ಲಿ ಯಾರಿದ್ದಾರೆ? ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿ ಅಕ್ಷರದಲ್ಲಿ 'ಚನ್ನವೀರಮ್ಮ, ಕೌಲ್ ಬಜಾರ್' ಎಂದು ಬರೆದಿತ್ತು. ವಿಚಾರಣೆಗೆ ಬಂದವನು ಆ ಅಂಗಡಿಗೆ ಇಣುಕಿದರೆ ಸಾಕು, ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ.

ಕೈ ತೊಳೆದವನೇ ಹಾಲಸಿದ್ದಪ್ಪ ಹಿತ್ತಲ ಬಾಗಿಲಿನಿಂದ ಹೊರಬಿದ್ದ.

ಹೊರಗೆ ಪಕ್ಕದ ಮನೆಯ ಕೊಟ್ರಬಸಮ್ಮ ವಿದ್ಯುತ್ ಮೀಟರು ಓದಲು ಬಂದವನನ್ನು ಗೋಡೆಗೆ ಒತ್ತಿ ನಿಲ್ಲಿಸಿಕೊಂಡಿದ್ದಳು. ಈ ಸಂಬಂಧ ತಂದವಳು ಅವಳೇ, ಸಿರುಗುಪ್ಪ ಅವಳ ತವರು. ಇವತ್ತು ಬರುತ್ತಾರೆಂಬ ಸುಳಿವು ತವರಿನಿಂದ ಸಿಕ್ಕಿದ್ದರೂ ಬರುವವರು ಯಾರೆಂದು ಅವಳಿಗೂ ಹೇಳಿರಲಿಲ್ಲವಾದ್ದರಿಂದ ಬೆಳಗಿನಿಂದ ಓಣಿಗೆ ಕಾಲಿಟ್ಟ ಪ್ರತಿಯೊಬ್ಬ ಗಂಡಸಿನ ಮುಂದೆಯೂ ಹುಡುಗನ ಗುಣಗಾನ ನಡೆಸಿದ್ದಳು. ಚನ್ನವೀರಮ್ಮ ಓಣಿಗೆಲ್ಲ ಹಂಚಿದ ಒಗ್ಗಾಣಿಯ ಋಣ ತೀರಿಸಬೇಕಲ್ಲ!

"ಲೈಟು ಸೈತ ಹಚ್ಚಂಗಿಲ್ರಿ ಹುಡುಗ. ಅಷ್ಟು ಉಳಿತಾಯ. ಕತ್ತಲದಾಗ ಉಣ್ತಾನ, ಕತ್ತಲದಾಗ ಓದತಾನ."

"ಓದತಾನಾ? ಮತ್ತ ಮೀಟರು ಹಿಂಗ್ಯಾಕ ಓಡೈತಿ?" ಎಂದು ಅವನು ಅನುಮಾನದಿಂದ ಮೀಟರಿನ ಹಿಂದೆ ತಂತಿ ಹುಡುಕತೊಡಗಿದ.

"ಅತ್ತೀ, ಅಂವಾ ಕರೆಂಟಿನಾವ!" ಎಂದು ಹಾಲಸಿದ್ದಪ್ಪ ಪಿಸುಗುಟ್ಟಿದ.

"ವೇಷ ಹಾಕ್ಕಂಡು ಬರತಾರ, ನಿನಗೇನ್ ಗೊತ್ತು? ನೀ ಎಲ್ಲಿಗೆ ಹೊಂಟಿ? ಹಿಂಗ ಕಳ್ಳನಂಗ ಹೋಗಬ್ಯಾಡ, ಎದಿ ಸೆಟಿಸಿ ನಡಿ!"

ಎದೆ ಸೆಟೆಸಿ ನಡೆದದ್ದರಿಂದ ಚರಂಡಿಯ ಮೇಲಿನ ಕಲ್ಲು ಕಾಣದೆ ಒಂದು ಕಾಲು ಒಳಗೆ ಹೋಯಿತು. ಒಂದು ಚಪ್ಪಲಿ ಪಚಪಚ ಎನ್ನುತ್ತ, ಇನ್ನೊಂದು ಸುಮ್ಮನಿರುತ್ತ, ಅವನು ಎರ್ರಣ್ಣನ ಅಂಗಡಿ ಮುಟ್ಟಿದ.

ಒಳಗೆ ಇಣುಕಿದವನು ಬಾಗಿಲಲ್ಲೇ ನಿಂತ. ಡಬ್ಬಿಯೇನೋ ದೆವ್ವದ ಪೆಟ್ಟಿಗೆಯ ಮೇಲೆ ಹೊಳೆಯುತ್ತ ಕೂತಿತ್ತು. ಆದರೆ ಅದರ ಪಕ್ಕದಲ್ಲೇ ಬಿಳಿ ಧೋತರ, ತಲೆಗೆ ರುಮಾಲು, ಕೈಯಲ್ಲಿ ಕೋಲು ಹಿಡಿದ ಒಬ್ಬ ಹಿರಿಯ ನಿಂತಿದ್ದ. ಇಂಥ ಜಾಗದಲ್ಲಿ ಅಂಥ ರುಮಾಲಿಗೆ ಏನು ಕೆಲಸ? ಅವನು ಸುತ್ತಲೂ ಏನನ್ನೋ ಹುಡುಕುವಂತೆ ನೋಡುತ್ತಿದ್ದ. ವಿಚಾರಣೆಯೆಂಬುದು ಅವನ ಹಣೆಯ ಮೇಲೆ ಬರೆದಂತಿತ್ತು.

ಅವನಲ್ಲದೆ ಅಂಗಡಿಯಲ್ಲಿ ಇದ್ದವನು ಒಬ್ಬ ಗಿರಾಕಿ ಮಾತ್ರ. ಬಾಗಿಲಿಗೆ ಬೆನ್ನು ಮಾಡಿ, ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಚೀಲವನ್ನು ಕಾಲ ಸಂದಿಯಲ್ಲಿ ಒತ್ತಿಹಿಡಿದು ದೆವ್ವದ ಆಟ ಆಡುತ್ತಿದ್ದ. ಶೇಂಗಾ ಬಡಿಯುವವನಂತೆ ಗುಂಡಿಯನ್ನು ಬಡಿಯುತ್ತಿದ್ದ.

"ಬಾ ಬಾ ಹಾಲಪ್ಪಣ್ಣ! ನಿನ್ನಿ ನಿನ್ನ ಡಬ್ಬಿ..." ಎಂದು ಎರ್ರಣ್ಣ ಗಲ್ಲಾದಿಂದಲೇ ಕೂಗಿದ.

"ಯಾರ್ರೀ ನೀವು?" ಹಾಲಸಿದ್ದಪ್ಪ ದನಿ ಏರಿಸಿ ಅವನ ಬಾಯಿ ಮುಚ್ಚಿಸಿದ. "ಯಾರನ್ನೋ ನೋಡಿ ಯಾರೋ ಅಂತ ತಿಳ್ಕಂಡೀರಿ. ನಾನು ಈ ಅಂಗಡಿ ಹೊಸ್ತಿಲ ತುಳಿದವನಾ ಅಲ್ಲ."

ನಿನ್ನೆ ಸಂಜೆ ತನ್ನ ಹೆಗಲ ಮೇಲೆ ಕೈಹಾಕಿ ನಿಂತಿದ್ದ ಮನುಷ್ಯ ಹೀಗೆಂದದ್ದಕ್ಕೆ ಎರ್ರಣ್ಣ ಬೆಪ್ಪಾದ. ಆಮೇಲೆ ಮುಖ ಊದಿಸಿಕೊಂಡು ಕೂತ. ಹೇಳಬೇಕೆಂದಿದ್ದ ಮಾತನ್ನು ಅಲ್ಲಿಗೇ ನುಂಗಿಬಿಟ್ಟ.

ಹಿರಿಯ ಇವನತ್ತ ತಿರುಗಿದ. "ತಮ್ಮಾ, ಇದು ಏನ್ ಅಂಗಡಿ ಇದು?"

ಇದು ಬೇಕೆಂದೇ ಕೇಳಿದ ಪ್ರಶ್ನೆ ಎಂದು ಹಾಲಸಿದ್ದಪ್ಪನಿಗೆ ಖಾತ್ರಿಯಾಯಿತು. "ಹಾಳುಬಾವಿ ಇದ್ದಂಗ ರಿ ಅಜ್ಜಾರ. ನಮ್ಮ ಓಣಿ ಮಂದಿ ಕೆಡಬಾರದು ಅಂತ, ಇಲ್ಲಿ ಏನ್ ನಡೀತೈತಿ ನೋಡಿ ಬುದ್ಧಿ ಹೇಳೋಣಂತ ಬಂದೆ."

"ಚಲೋ ಮಾಡಿದಿ. ಆ ಮನಷ್ಯಾ ಯಾಕ ಎಲ್ಲಾರ್ನೂ ಒದೀತಾನ?" ಹಿರಿಯ ಕೋಲಿನಿಂದ ಹೊಡೆದಾಟದ ಪೆಟ್ಟಿಗೆಯತ್ತ ತೋರಿಸಿದ. ಯಾರೂ ಆಡದಿದ್ದರೂ ಅದರ ಪರದೆಯ ಮೇಲೆ ಬನಿಯನ್ನು ತೊಟ್ಟ ಒಬ್ಬ ತನ್ನಷ್ಟಕ್ಕೆ ತಾನೇ ಒದೆಯುತ್ತಿದ್ದ.

ಗೊತ್ತಿಲ್ಲ ಎಂದು ಹೇಳಿ, ಡಬ್ಬಿ ಎತ್ತಿಕೊಂಡು ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಅಭಿಪ್ರಾಯ ಕೇಳಿದರೆ ಇಲ್ಲವೆನ್ನುವುದು ಹಾಲಸಿದ್ದಪ್ಪನ ರಕ್ತದಲ್ಲಿರಲಿಲ್ಲ.

"ಅಂವಗ ಬುದ್ಧಿ ಇಲ್ರಿ. ಅವನ ಹುಡುಗೀನ ಕಳ್ಳರು ಹೊತ್ಕಂಡು ಹೋಗ್ಯಾರ. ಇಂವಾ ಊರೆಲ್ಲಾ ಒದ್ಕಂತ ಹೊಂಟಾನ. ಒಬ್ಬನ್ನರ ನಿಲ್ಲಿಸಿ, 'ಯಪ್ಪಾ, ನಮ್ಮ ಹುಡುಗಿ ಎಲ್ಲೆದಾಳ' ಅಂತ ಕೇಳ್ತಾನೇನು? ಇಲ್ಲ! ವಿಚಾರಣಿ ಅನ್ನೋದು ಅವಗ ಗೊತ್ತಾ ಇಲ್ಲ. ನಾನಾದ್ರ ವಿಚಾರಣಿ ಮಾಡೋರಿಗೆ ಭಾಳ ಮರ್ಯಾದಿ ಕೊಡ್ತೀನ್ರಿ."

ಹಿರಿಯ ತಲೆಯಾಡಿಸಿದ. ಹಾಲಸಿದ್ದಪ್ಪನಿಗೆ ಹುರುಪು ಬಂತು.

"ಇನ್ನ ಆ ಕಳ್ಳರು! ಹತ್ತು ಮಂದಿ ಅದಾರ, ಒಬ್ಬೊಬ್ಬರ ಬರತಾರ. ಉಳಿದೋರು ತಮ್ಮ ಪಾಳಿ ಬರಲಿ ಅಂತ ಕೈಕಟ್ಟಿ ನಿಂತಿರತಾರ. ಹಂಗ ಯಾರರ ಜಗಳ ಆಡ್ತಾರೇನ್ರಿ? ನಮ್ಮ ಓಣ್ಯಾಗ ಜಗಳ ಅಂದ್ರ ಎಲ್ಲಾರೂ ಒಮ್ಮಿಗೇ ಬೀಳ್ತಾರ. ಯಾರು ಯಾರಿಗೆ ಹೊಡದ್ರು ಅಂತ ಮರುದಿವ್ಸ ಬಾವು ನೋಡಿ ಗೊತ್ತಾಗಬೇಕು." ಏನು ಹೇಳಿದೆನೆಂಬುದು ಆಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡ. "ಅಂದ್ರ... ನಮ್ಮ ಓಣ್ಯಾಗ ಜಗಳಾನ ಇಲ್ರಿ. ಮಠ ಇದ್ದಂಗ ಐತಿ."

"ಆ ಇಮಾನ?"

"ಅದು ಇನ್ನೂ ಕಡಿ. ಬರೀ ಗುಂಡು ಹೊಡಿಯೋದು. ವೈರಿ ಇಮಾನ ಎಲ್ಲಾ ಸಾಲು ಹಿಡಿದು ಮುಂದಿಂದಾನ ಬರತಾವ. ಹಿಂದಿಂದ ಹೋಗೋಣ ಅಂತ ಒಂದಕ್ಕರ ಹೊಳೀಬೇಕಲ್ಲ! ಮ್ಯಾಲೆ ನಮ್ಮ ಗುಂಡು ಮುಗಿಯಂಗೇ ಇಲ್ಲ. ಗುಂಡು ಮುಗೀದ ಬಂದೂಕು ಕೈಯಾಗಿದ್ರ ಧೈರ್ಯ ಯಾಕ ಬೇಕ್ರಿ? ನಾ ಆ ಆಟ ಮಾಡಿದ್ರ ಹಿಡಿಯಷ್ಟ ಗುಂಡು ಕೊಡತಿದ್ದೆ. ಒಂದು ಸಲ ಕತ್ತರಿ ತಪ್ಪಿದ್ರ ಪ್ಯಾಂಟಾ ಹೋತು, ಅನ್ನೋಹಂಗ ಇರಬೇಕು. ಆವಾಗ ಕೈ ನಡಗತೈತಿ. ಕೈ ನಡಗಿದ್ರ ಆಟ."

ಅಷ್ಟರಲ್ಲಿ ದೆವ್ವದ ಪೆಟ್ಟಿಗೆಯ ಮುಂದಿನ ಗಿರಾಕಿ "ಪೋಯಿಂದಿ! ಮಳ್ಳೀ ಪೋಯಿಂದಿ!" ಎಂದು, ಮತ್ತೆ ಹೋಯಿತೆಂದು ತೆಲುಗಿನಲ್ಲಿ ಗೋಳಿಟ್ಟು ಹಣೆ ಬಡಿದುಕೊಂಡ. ಅವನ ಮನುಷ್ಯ ಪರದೆಯ ಮೇಲಿನ ಹುಣಸೆಮರದ ಕೆಳಗೆ ಎಲುಬಿನ ರಾಶಿಯಾಗಿ ಬಿದ್ದಿದ್ದ. ಗಿರಾಕಿ ಮತ್ತೆ ಜೇಬಿಗೆ ಕೈಹಾಕಿ ಬಿಲ್ಲೆ ತೆಗೆದ.

ತಾನು ಎಷ್ಟು ಒಳ್ಳೆಯವನೆಂದು ತೋರಿಸಲು ಹಾಲಸಿದ್ದಪ್ಪನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿರಲಿಲ್ಲ. "ನೋಡ್ರಿ ಅಜ್ಜಾರ, ಇಂಥಾವ್ರನ್ನ ನೋಡಿದ್ರ ಕರುಳು ಚುರಕ್ಕಂತೈತಿ. ವಯಸ್ಸಾದ ಮನಷ್ಯಾ. ಮನ್ಯಾಗ ಏನ್ ತಿಳ್ಕಂಡಿರತಾರ? ನಮ್ಮ ಯಜಮಾನ್ರು ಯಾವುದೋ ದೊಡ್ಡ ಕೆಲಸದ ಮ್ಯಾಲೆ ಹೋಗ್ಯಾರ ಅಂತ ಬುತ್ತಿ ಕಟ್ಟಿ ಕಳಿಸಿರತಾರ. ಇವ್ರು ಇಲ್ಲಿ ನಿಂತು ಹುಣಚಿಮರದ ಕೆಳಗ ಸಾಯಾಕತ್ಯಾರ."

ಗಿರಾಕಿಯ ಬೆನ್ನು ಒಂದು ಗಳಿಗೆ ಬಿಗಿಯಿತು. ಆದರೆ ತಿರುಗಲಿಲ್ಲ. ಬಿಲ್ಲೆ ಒಳಗೆ ಬಿತ್ತು.

"ದೆವ್ವಂದರ ಚಲೋ ಐತೇನು?" ಹಿರಿಯ ಕೇಳಿದ.

ಹಾಲಸಿದ್ದಪ್ಪನ ಕಣ್ಣುಗಳು ಹೊಳೆದವು. ಇದು ಅವನ ಪ್ರೀತಿಯ ಆಟ. "ಖರೇ ಹೇಳಬೇಕಂದ್ರ, ಇದೊಂದಾ ಆಟ ಅಂದ್ರ ಆಟ ರಿ. ಅಂಜಿಕಿ ಅನ್ನೋದು ದೆವ್ವದಾಗ ಇಲ್ಲ, ದೆವ್ವ ಬರೋಕಿಂತ ಮೊದಲ ಇರತೈತಿ. ಹಾದಿ ಐತಿ, ಗೋರಿ ಅದಾವ, ಹುಣಚಿಮರ ಐತಿ. ಪೆಟಗಿಯೊಳಗ ಬಾಜಿ ಬಾರಿಸ್ತಿರತೈತಿ. ಮರದ ಹಂತ್ಯಾಕ ಬಂದ್ರ ಬಾಜಿ ನಿಂತುಬಿಡತೈತಿ. ಅದಾ ನೋಡ್ರಿ ಜೀವ ಹೋಗೋ ಹೊತ್ತು! ಆಮ್ಯಾಲೆ ದೆವ್ವ ಬಂದ್ರ 'ಬಂದ್ಯಾ, ಬಾ' ಅಂತ ಸಮಾಧಾನಾನ ಆಗತೈತಿ. ಒಂದಾ ದೋಷ. ದಿನಾ ಅದಾ ಮರ, ಅದಾ ಎಡಗಡಿ. ಅಷ್ಟು ನಿಯತ್ತಿನಿಂದ ಬರಾಕ ಅದೇನು ದೆವ್ವನೋ, ಸಾಲಿ ಮಾಸ್ತರನೋ..."

ಬಾಜಿ ನಿಂತಿತು. ಗಿರಾಕಿಯ ಮನುಷ್ಯ ಮರದ ಕೆಳಗೆ ಬಂದಿದ್ದ. ಹಾಲಸಿದ್ದಪ್ಪ ರುಮಾಲು ಮರೆತ, ಆಣೆ ಮರೆತ, ವಿಶಾಲಾಕ್ಷಿಯನ್ನೂ ಮರೆತ.

"ಎಡಗಡಿ ಬಂತು! ಹಾರ್ರಿ! ಬಲಕ್ಕ ಹಾರಿ ಬಗ್ಗರಿ! ಗುಂಡಿ ಬಿಡ್ರಿ, ಬಡೀಬ್ಯಾಡ್ರಿ, ಒತ್ತಿ ಹಿಡೀರಿ! ಈಗ ಓಡ್ರಿ! ಓಡ್ರಿ ಯಪ್ಪಾ, ಓಡ್ರಿ!"

ಗಿರಾಕಿ ಹಾರಿದ, ಬಗ್ಗಿದ, ಓಡಿದ. ಅವನ ಕಾಲ ಸಂದಿಯ ಚೀಲ ಉರುಳಿತು. ದೆವ್ವ ಬರೀ ಗಾಳಿಯನ್ನು ಹಿಡಿದು ಹಿಂದೆ ಉಳಿಯಿತು. ಎರ್ರಣ್ಣನ ಅಂಗಡಿಯ ಇತಿಹಾಸದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಹುಣಸೆಮರ ದಾಟಿದ. ಹಾಲಸಿದ್ದಪ್ಪ ಎರಡೂ ಕೈ ಮೇಲೆತ್ತಿ, ಮೈಮೇಲೆ ದೇವರು ಬಂದಂತೆ ಕುಣಿದ.

"ದೇವ್ರು ಬಂದಂಗ ಬಂದಿ ತಮ್ಮಾ" ಎಂದು ಗಿರಾಕಿ ಪರದೆಯಿಂದ ಕಣ್ಣು ಕೀಳದೆ ಹೇಳಿದ.

ಆಗ ಹಾಲಸಿದ್ದಪ್ಪನಿಗೆ ಎಚ್ಚರವಾಯಿತು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಹಿರಿಯ ಅವನನ್ನೇ ನೋಡುತ್ತಿದ್ದ. ಎಲ್ಲ ಮುಗಿಯಿತು, ಈ ಸಂಬಂಧವೂ ಹೋಯಿತು, ಅವಳು ಸರಿಸಿದ ತಂಬಿಗೆಯ ನೀರಿನ ಋಣವೂ ಹರಿಯಿತು ಎಂದುಕೊಂಡು ಕೈ ಇಳಿಸಿದ.

ಹಿರಿಯ ಕೋಲು ನೆಲಕ್ಕೆ ಊರಿದ. "ಅದೆಲ್ಲಾ ಖರೇ ತಮ್ಮಾ. ನನ್ನ ಸೈಕಲ್ ಎಲ್ಲೈತಿ?"

"ಆಂ?"

"ಸೈಕಲ್ಲಪ್ಪ. ನಾ ಸಂಗನಕಲ್ಲಿನ ಪಕ್ಕೀರಪ್ಪ. ಹೋದ ಸುಗ್ಗಿಯಾಗ ಪಂಚರ್ ಹಾಕಾಕ ಇಲ್ಲೇ ಕೊಟ್ಟು ಹೋಗಿದ್ದೆ. ಈಗ ಬಂದು ನೋಡಿದ್ರ ಅಂಗಡೀನ ಬ್ಯಾರೆ ಆಗೈತಿ. ನಿನಗ ಇಲ್ಲೀದೆಲ್ಲಾ ಗೊತ್ತಿದ್ದಂಗೈತಲ್ಲ, ಅದಕ್ಕ ಕೇಳಿದೆ."

ಹಾಲಸಿದ್ದಪ್ಪನಿಗೆ ಪಕ್ಕೀರಪ್ಪನ ಕಾಲಿಗೆ ಬೀಳಬೇಕೆನ್ನಿಸಿತು. ಎರ್ರಣ್ಣ "ಹಿತ್ತಲದಾಗ ಐತಿ ಬಾ ತಾತಾ" ಎಂದು ಗೊಣಗುತ್ತ ಮುದುಕನನ್ನು ಒಳಗೆ ಕರೆದೊಯ್ದ. ಇದೇ ಸಮಯವೆಂದು ಹಾಲಸಿದ್ದಪ್ಪ ಪೆಟ್ಟಿಗೆಯ ಮೇಲಿನ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು, ಒಂದು ಚಪ್ಪಲಿಯ ಪಚಪಚ ಸದ್ದಿನೊಂದಿಗೆ ಓಡಿದ. ಗಿರಾಕಿಯ ಕಣ್ಣು ಪರದೆಯಲ್ಲೇ ನೆಟ್ಟಿತ್ತು.

ಮನೆಗೆ ಬಂದು ಡಬ್ಬಿಯನ್ನು ತಾಯಿಯ ಮುಂದಿಟ್ಟಾಗ, ಯುದ್ಧ ಗೆದ್ದು ಬಂದವನ ಕಳೆ ಅವನ ಮುಖದಲ್ಲಿತ್ತು. "ತಗೋ. ಕಾರ್ಖಾನಿಗೆ ಹೋಗಿ ತಂದೆ."

ಕೊಟ್ರಬಸಮ್ಮನೂ ಅಲ್ಲೇ ಕೂತಿದ್ದಳು. ಚನ್ನವೀರಮ್ಮ ತೊಳೆಯಲೆಂದು ಮುಚ್ಚಳ ತೆಗೆದಳು. ತೆಗೆದವಳು ಹುಬ್ಬು ಗಂಟಿಕ್ಕಿದಳು. ಒಳಗೆ ತೆಳ್ಳಗೆ ಬಡಿದ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ. "ನಿನ್ನಿ ನಾ ಚಿತ್ರಾನ್ನ ಕಟ್ಟಿದ್ನಲ್ಲೋ! ಅದನ್ನ ಉಂಡಿದ್ರ ಡಬ್ಬಿ ಖಾಲಿ ಇರಬೇಕಿತ್ತು."

ಕೊಟ್ರಬಸಮ್ಮ ಮುಚ್ಚಳವನ್ನು ಬೆಳಕಿಗೆ ಹಿಡಿದು, ಚುಕ್ಕಿಗಳ ಮೇಲೆ ಬೆರಳಾಡಿಸುತ್ತ ಓದಿದಳು. "ದಾ... ದಾಕ್ಷಾಯಣಮ್ಮ. ಸಿರುಗುಪ್ಪ." ಅವಳ ದನಿ ಏರಿತು. "ಅಯ್ಯ ಶಿವನ! ಇದು ವಿಶಾಲಾಕ್ಷಿ ಅವ್ವನ ಡಬ್ಬಿ! ನಿನ್ನ ಕೈಗೆ ಹೆಂಗ ಬಂತೋ?"

ಹಾಲಸಿದ್ದಪ್ಪ ಮುಚ್ಚಳವನ್ನು ಕಸಿದುಕೊಂಡು ಓದಿದ. ಟವೆಲ್ಲು ಸುತ್ತಿದ ತಲೆ, ಬಿಗಿದ ಬೆನ್ನು, 'ಪೋಯಿಂದಿ' ಎಂಬ ಗೋಳು, ಎಲ್ಲ ಕಣ್ಣ ಮುಂದೆ ಸಾಲುಗಟ್ಟಿದವು. ಬುತ್ತಿ ಕಟ್ಟಿಸಿಕೊಂಡು ದೊಡ್ಡ ಕೆಲಸದ ಮೇಲೆ ಬಂದಿದ್ದವನು ಅವನೇ. ಆ ದೊಡ್ಡ ಕೆಲಸ ಹಾಲಸಿದ್ದಪ್ಪನ ವಿಚಾರಣೆ.

"ಕಾ... ಕಾರ್ಖಾನ್ಯಾಗ ಅದಲುಬದಲು ಆಗಿರಬೇಕು" ಎಂದು ಹೇಗೋ ಹೇಳಿದ.

"ಹಂಗಾರ ಕಾರ್ಖಾನಿತನ ಹೋಗಿ ವಿಚಾರಿಸ್ಯಾರ! ಮನಸು ಇದ್ರ ತಾನಾ ಅಷ್ಟು ದೂರ ಹೋಗೋದು?" ಎಂದು ಕೊಟ್ರಬಸಮ್ಮ ಚಪ್ಪಾಳೆ ತಟ್ಟಿದಳು. ಆಮೇಲೆ ಒಂದು ರೊಟ್ಟಿ ಮುರಿದಳು. "ಅವರು ಹುಡುಗನ ವಿಚಾರಿಸಲಿ, ನಾವು ಹುಡುಗಿ ಕೈರುಚಿ ವಿಚಾರಿಸೋಣು." ವಿಚಾರಣೆ ಎಷ್ಟು ಆಳವಾಗಿ ನಡೆಯಿತೆಂದರೆ ಡಬ್ಬಿಯ ತಳ ಕಂಡಿತು.

ಹಾಲಸಿದ್ದಪ್ಪ ಗೋಡೆಗೆ ಒರಗಿ ಯೋಚಿಸುತ್ತಿದ್ದ. ಮೊದಲು ಹೆದರಿಕೆಯಾಯಿತು, ನಂತರ ಮೆಲ್ಲಗೆ ಧೈರ್ಯ ಬಂತು. ಆ ಮನುಷ್ಯ ತನ್ನನ್ನು ಎರ್ರಣ್ಣನ ಅಂಗಡಿಯಲ್ಲಿ ನೋಡಿದ್ದು ನಿಜ. ಆದರೆ ಅದನ್ನು ಸಿರುಗುಪ್ಪದಲ್ಲಿ ಹೇಗೆ ಹೇಳುತ್ತಾನೆ? ನೀವು ಅಲ್ಲಿ ಏನು ಮಾಡುತ್ತಿದ್ದಿರಿ ಎಂದು ಅವರ ಮನೆಯ ಹೆಂಗಸರು ಕೇಳುವುದಿಲ್ಲವೇ? ಮೇಲಾಗಿ ಹುಣಸೆಮರ ದಾಟಿಸಿದವನು ಯಾರು? ಯೋಚಿಸಿದಷ್ಟೂ ಮದುವೆ ಖಚಿತವಾಗುತ್ತ ಹೋಯಿತು.

ಸಂಜೆಯ ಹೊತ್ತಿಗೆ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಟವೆಲ್ಲು ಈಗ ಹೆಗಲ ಮೇಲಿತ್ತು, ಕೂದಲು ನೀರು ಹಚ್ಚಿ ಬಾಚಿತ್ತು. ಕೈಯಲ್ಲಿ ಚನ್ನವೀರಮ್ಮನ ಹೆಸರಿನ ಡಬ್ಬಿ.

"ಅಯ್ಯ, ಚಿದಾನಂದಣ್ಣ! ನೀವಾ ಬಂದೀರೇನ್ರಿ! ವಿಶಾಲಾಕ್ಷಿ ಸ್ವಂತ ಚಿಗಪ್ಪ ಇವ್ರು ಅಕ್ಕಾ!" ಎಂದು ಕೊಟ್ರಬಸಮ್ಮ ಚಾಪೆ ಹಾಸಲು ಓಡಿದಳು.

ಚಿದಾನಂದಪ್ಪ ಕೂತ. ಹಾಲಸಿದ್ದಪ್ಪನ ಕಣ್ಣೂ ಅವನ ಕಣ್ಣೂ ಒಮ್ಮೆ ಕೂಡಿ, ಎರಡೂ ಥಟ್ಟನೆ ನೆಲ ನೋಡಿದವು.

"ಡಬ್ಬಿ ಬದಲಾಗೈತ್ರಿ. ಅಂಗಡ್ಯಾವ ಗಲ್ಲಾದ ಕೆಳಗಿಂದ ಇದನ್ನ ತಗದು ಕೊಟ್ಟ. ತಗದು ನೋಡಿದ್ರ ಒಳಗ ಉಪ್ಪಿನಕಾಯಿ ಹೋಳು ಬಿಟ್ರ ಏನೂ ಇಲ್ಲ" ಎಂದ ಚಿದಾನಂದಪ್ಪ.

"ಯಾವ ಅಂಗಡಿರಿ? ಕಾರ್ಖಾನ್ಯಾಗ ಅಂದಲ್ಲ ಇಂವಾ?" ಚನ್ನವೀರಮ್ಮ ಕೇಳಿದಳು.

"ಹೌದೌದು, ಕಾರ್ಖಾನಿ. ಕಾರ್ಖಾನಿ ಮುಂದಿನ ಚಾದಂಗಡಿ" ಎಂದ ಚಿದಾನಂದಪ್ಪ. ಹಾಲಸಿದ್ದಪ್ಪನ ಎದೆ ಹಕ್ಕಿಯಂತೆ ಹಗುರಾಯಿತು. ಗಂಡಸೆಂದರೆ ಇವನು ಎಂದುಕೊಂಡ.

ದಾಕ್ಷಾಯಣಮ್ಮನ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂದು ಚನ್ನವೀರಮ್ಮ ಅದರ ತುಂಬ ಒಗ್ಗಾಣಿ ಒತ್ತಿ ತಂದಿಟ್ಟಳು. ಬೇರೊಂದು ತಟ್ಟೆಯಲ್ಲಿ ಕೊಟ್ಟದ್ದನ್ನು ಚಿದಾನಂದಪ್ಪ ಹಸಿದ ಹೊಟ್ಟೆಗೆ ಗಬಗಬನೆ ಇಳಿಸಿ, ಕೈ ತೊಳೆದು, ಗಂಭೀರವಾಗಿ ಶುರುಮಾಡಿದ.

"ನೋಡ್ರಿ ಅಕ್ಕಾರ, ಹುಡುಗನ ಬಗ್ಗೆ ಒಂದು ಕೆಟ್ಟ ಮಾತು ನನ್ನ ಕಿವಿಗೆ ಬಿದ್ದಿಲ್ಲ. ಭಾಳ ತಿಳುವಳಿಕಿ. ಎಂಥಾ ಕಷ್ಟದಾಗ ಇದ್ದವ್ರಿಗೂ ದಾರಿ ತೋರಸ್ತಾನ."

ಚನ್ನವೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆದ್ರ ನಮ್ಮಣ್ಣಗ ಒಂದಾ ಅನುಮಾನ ಐತಿ. ಹಿಂದಿನ ಎರಡು ಸಂಬಂಧ ಯಾಕ ಮುರದ್ವು ಅಂತ ಅವನೂ ಕೇಳ್ಯಾನ. ಅದೇನೋ ಎರ್ರಣ್ಣನ ಅಂಗಡಿ ಅಂತಲ್ರಿ? ಹುಡುಗ ಅಲ್ಲಿಗೆ ಹೋಗ್ತಾನೋ ಇಲ್ಲೋ, ಅದು ಖಾತ್ರಿ ಆಗದ ಮುಂದಿನ ಮಾತಿಲ್ಲ ಅಂದಾನ."

"ಬಿಟ್ಟಾನ್ರಿ! ವಿಭೂತಿ ಮುಟ್ಯಾನ!" ಎಂದಳು ಚನ್ನವೀರಮ್ಮ.

"ನಾ ನಂಬತೀನ್ರಿ. ಆದ್ರ ಒಂದಿನ ನೋಡಿದ್ರ ಖಾತ್ರಿ ಆಗಂಗಿಲ್ಲ. ಅದಕ್ಕ ನಾನಾ ವಾರಾ ವಾರಾ ಸಿರುಗುಪ್ಪದಿಂದ ಬಂದು, ಆ ಅಂಗಡಿ ಒಳಗಾ ಕುಂತು, ಮುಂಜಾಲಿಂದ ಸಂಜಿತನ ಕಾಯ್ತೀನಿ. ಹುಡುಗ ಬರಂಗಿಲ್ಲ ಅಂತ ನನ್ನ ಕಣ್ಣಾರ ನೋಡಬೇಕು. ಕಷ್ಟ ಆಗತೈತಿ. ಏನ್ ಮಾಡೋದು, ವಿಶಾಲಾಕ್ಷಿ ನನಗ ಮಗಳಿದ್ದಂಗ."

"ಎಂಥಾ ಮನಷ್ಯಾರೇ ಅಕ್ಕಾ!" ಕೊಟ್ರಬಸಮ್ಮ ಉದ್ಗರಿಸಿದಳು. "ಹೆತ್ತಪ್ಪ ಸೈತ ಹಂಗ ಕಾಯಂಗಿಲ್ಲ."

"ಎಷ್ಟು ದಿನಾರಿ?" ಹಾಲಸಿದ್ದಪ್ಪ ಕ್ಷೀಣವಾಗಿ ಕೇಳಿದ.

"ಖಾತ್ರಿ ಆಗೋತನ. ಅವಸರ ಮಾಡಬಾರದು ತಮ್ಮಾ."

ಹಾಲಸಿದ್ದಪ್ಪ ಬಾಯಿ ತೆರೆದ. ಈ ಮನುಷ್ಯ ಕಾಯಲು ಬರುವುದಿಲ್ಲ, ಆಡಲು ಬರುತ್ತಾನೆ ಎಂದು ಕಿರುಚಬೇಕೆನ್ನಿಸಿತು. ನಿನಗೆ ಹೇಗೆ ಗೊತ್ತೆಂದು ಅವ್ವ ಕೇಳಿದರೆ? ಬಾಯಿ ಮುಚ್ಚಿದ. ಚನ್ನವೀರಮ್ಮ ಅಷ್ಟರಲ್ಲಿ ವಿಭೂತಿ ಗಟ್ಟಿ ತಂದು ಅವನ ಮುಂದೆ ಹಿಡಿದಿದ್ದಳು. ವಿಚಾರಣೆ ಮುಗಿಯುವತನಕ ಆ ಅಂಗಡಿಯ ಕಡೆ ತಲೆಹಾಕಿ ಮಲಗುವುದೂ ಇಲ್ಲವೆಂದು ಎಲ್ಲರ ಎದುರು ಇನ್ನೊಮ್ಮೆ ಆಣೆಯಾಯಿತು.

ಚಿದಾನಂದಪ್ಪನನ್ನು ಓಣಿಯ ತಿರುವಿನವರೆಗೆ ಕಳಿಸಲು ಹಾಲಸಿದ್ದಪ್ಪನೇ ಹೋದ. ಹೆಂಗಸರು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ತುಸು ದೂರ ಹೋದ ಮೇಲೆ ಚಿದಾನಂದಪ್ಪ ಅವನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡ. ಈಗಲಾದರೂ ಮದುವೆಯ ಮಾತಾಡುತ್ತಾನೆಂದು ಹಾಲಸಿದ್ದಪ್ಪ ಕಿವಿಯೊಡ್ಡಿದ.

"ತಮ್ಮಾ, ಹುಣಚಿಮರ ದಾಟಿದ ಮ್ಯಾಲೆ ಒಂದು ಬಾಂವಿ ಬರತೈತಿ. ಬಾಂವಿಯಾಗಿಂದ ಉದ್ದಾನ ಕೈ ಬಂದು ಕಾಲು ಹಿಡೀತೈತಿ. ಅಲ್ಲಿ ಏನ್ ಮಾಡಬೇಕು? ಹೇಳು. ಆ ಆಟ ಒಮ್ಮಿ ಮುಗದ್ರ ನನಗೂ ಬಿಡುಗಡಿ, ನಮ್ಮಣ್ಣಗ ಖಾತ್ರಿ ಆತು ಅಂತ ಹೇಳಿಬಿಡ್ತೀನಿ. ಬರೋ ತಿಂಗಳಾ ತಾಳಿ."

ಬಾಯಿ ತುಂಬ ಅಭಿಪ್ರಾಯವಿದ್ದವನಿಗೆ ಜೀವಮಾನದಲ್ಲಿ ಮೊದಲ ಸಲ ಹೇಳಲು ಏನೂ ಸಿಗಲಿಲ್ಲ.

"ನನಗ ಗೊತ್ತಿಲ್ರಿ" ಎಂದ, ಅಳುವ ದನಿಯಲ್ಲಿ. "ನಾ ಒಂದು ದಿನಾನೂ ಮರ ದಾಟಿಲ್ಲ. ಅಲ್ಲಿ ಬಾಂವಿ ಐತಿ ಅಂತಾನ ಈಗ ಗೊತ್ತಾತು. ಒಂದು ಸಲ ಬಂದು ನೋಡಿದ್ರ ಹೇಳ್ತಿದ್ದೆ..."

"ಬರಂಗಿಲ್ಲಲ್ಲಪ್ಪ" ಚಿದಾನಂದಪ್ಪ ನಿಜವಾದ ಮರುಕದಿಂದ ಅವನ ಭುಜ ತಟ್ಟಿದ. "ವಿಭೂತಿ ಮುಟ್ಟೀದಿ. ಬಂದ್ರ ನಾ ಅಣ್ಣಗ ಹೇಳಬೇಕಾಗತೈತಿ. ಇರಲಿ ಬಿಡು, ಸ್ವಲ್ಪ ತಡಾ ಆಗತೈತಿ, ಅಷ್ಟ."

ಒಗ್ಗಾಣಿಯ ಡಬ್ಬಿಯನ್ನು ಚೀಲಕ್ಕೆ ಸೇರಿಸಿಕೊಂಡು ಅವನು ಹೊರಟ. ಬಸ್ ನಿಲ್ದಾಣಕ್ಕೆ ಹೋಗುವವರು ತಿರುವಿನಲ್ಲಿ ಬಲಕ್ಕೆ ಹೋಗುತ್ತಾರೆ. ಚಿದಾನಂದಪ್ಪ ಎಡಕ್ಕೆ ತಿರುಗಿದ.

"ನೋಡು ನೋಡು, ಕಡೀ ಬಸ್ಸಿಗೆ ಇನ್ನೂ ಹೊತ್ತೈತಿ ಅಂತ ಈಗಿಂದಾನ ಕಾಯಾಕ ಹೊಂಟಾರ ಪಾಪ" ಎಂದು ಚನ್ನವೀರಮ್ಮ ಕಟ್ಟೆಯ ಮೇಲಿಂದ ಕೈಮುಗಿದಳು.

ಹಾಲಸಿದ್ದಪ್ಪ ಕಟ್ಟೆಗೆ ಬಂದು ಕೂತ. ಅವ್ವ ದೀಪ ಹಚ್ಚಿದಳು. ಕೊಟ್ರಬಸಮ್ಮ ಈ ಸುದ್ದಿಯನ್ನು ಓಣಿಗೆ ಹಂಚಲು ಹೋದಳು. ತುಸು ಹೊತ್ತಿಗೆ ಎರ್ರಣ್ಣನ ಅಂಗಡಿಯ ಕಡೆಯಿಂದ ಪರಿಚಿತ ಬಾಜಿ ಗಾಳಿಯಲ್ಲಿ ತೇಲಿ ಬಂತು. ಅವನು ಉಸಿರು ಬಿಗಿಹಿಡಿದು ಕೇಳಿದ. ಮರದ ಹತ್ತಿರ ಅದು ನಿಂತಿತು, ಮತ್ತೆ ಶುರುವಾಯಿತು. ಮರ ದಾಟಿದ. ಈಗ ಬಾವಿ ಬಂದಿರಬೇಕು. ಹಾಲಸಿದ್ದಪ್ಪ ಮನೆದೇವರಿಗೆ ಹರಕೆ ಹೊತ್ತು, ಎರಡೂ ಕೈ ಜೋಡಿಸಿದ.

"ಪೋಯಿಂದಿ!" ಎಂಬ ಕೂಗು ಕೌಲ್ ಬಜಾರಿನ ಗದ್ದಲವನ್ನೆಲ್ಲ ಸೀಳಿಕೊಂಡು ಬಂತು.

ಅವನ ಮದುವೆಯೂ ಅಲ್ಲಿಗೆ ಇನ್ನೊಂದು ವಾರ ಮುಂದೆ ಹೋಯಿತು.